ಒಬ್ಬಳಿಗೆ ಕೆಲಸ ಹಲವು, ಹಾಜರಿ ಒಂದೇ ಇರಲಿ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಯಾವ ವಿಷಯದ ಮೇಲೆ ಮಾತಾಡ್ತೀರಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿ ಕೇಳಿದಾಗ ನಾನು "ಹಾಜರಿ ಸಾಫ್ಟ್‌ವೇರ್" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಮಹಿಳೆಯರಿಗೆ ಸಂಬಂಧಪಟ್ಟದ್ದು ಏನಾದರೂ ಇದ್ದರೆ..." ಎಂದರು. ಇದು ಮಹಿಳೆಯರಿಗೇ ಸಂಬಂಧಪಟ್ಟದ್ದು ಎಂದು ಹೇಳಿ ಒಪ್ಪಿಸಿದೆ. ಹೇಗೆ ಸಂಬಂಧಪಟ್ಟದ್ದು ಎಂದು ಈಗ ನಿಮ್ಮ ಮುಂದೆ ಹೇಳಬೇಕು.

ನಾನು ಕೆಲಸ ಮಾಡುವುದು ಮುಖರ್ಜಿ ನಗರದಲ್ಲಿ, ಒಂದು ಕೋಚಿಂಗ್ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ರಜೆ ಎಷ್ಟು ಉಳಿದಿದೆ, ತಿಂಗಳ ಕೊನೆಗೆ ಯಾರಿಗೆ ಎಷ್ಟು ಹೋಗಬೇಕು, ಇದೇ ನನ್ನ ದಿನದ ಕೆಲಸ. ಆ ಕಡೆ ಬಾರದವರಿಗಾಗಿ ಹೇಳುತ್ತೇನೆ: ಹಳದಿ ಲೈನಿನಲ್ಲಿ ಜಿಟಿಬಿ ನಗರ ಸ್ಟೇಷನ್ನಿನಲ್ಲಿ ಇಳಿದು ಇ-ರಿಕ್ಷಾ ಹತ್ತಿ "ಬತ್ರಾ" ಎಂದರೆ ಸಾಕು, ಬತ್ರಾ ಸಿನಿಮಾದ ಬಳಿ ತಂದು ಬಿಡುತ್ತಾರೆ. ಅಲ್ಲಿಂದ ಎತ್ತ ತಿರುಗಿದರೂ ಬೋರ್ಡುಗಳು. ಯುಪಿಎಸ್‌ಸಿ, ಎಸ್‌ಎಸ್‌ಸಿ, ಹೆಚ್ಚಾಗಿ ಹಿಂದಿ ಮಾಧ್ಯಮದವರ ಊರು ಅದು. ನಮ್ಮ ಕನ್ನಡದ ಹುಡುಗರು ಹೆಚ್ಚಾಗಿ ಹಳೆಯ ರಾಜೇಂದ್ರ ನಗರದ ಕಡೆ ಇರುತ್ತಾರೆ. ಆದರೂ ನೆಹರು ವಿಹಾರ, ಗಾಂಧಿ ವಿಹಾರದ ಬಾಡಿಗೆ ಕೋಣೆಗಳಲ್ಲಿ ಆಗಾಗ ಒಂದು ಕನ್ನಡದ ದನಿ ಕಿವಿಗೆ ಬೀಳುವುದುಂಟು.

ಆ ಬೋರ್ಡುಗಳ ಹಿಂದೆ ಕೆಲಸ ಮಾಡುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಕೋಚಿಂಗ್ ಸಂಸ್ಥೆ ಎಂದರೆ ಪಾಠ ಹೇಳುವವರಷ್ಟೇ ಅಲ್ಲ. ರಿಸೆಪ್ಶನ್, ಫೀ ಕೌಂಟರ್, ನೋಟ್ಸ್ ಜೆರಾಕ್ಸ್, ಟೆಸ್ಟ್ ಸೀರೀಸಿನ ಮೇಲ್ವಿಚಾರಣೆ, ಉತ್ತರಪತ್ರಿಕೆ ತಿದ್ದುವುದು, ಹಾಸ್ಟೆಲ್, ಮೆಸ್, ಲೈಬ್ರರಿ. ಲೈಬ್ರರಿ ಎಂದರೆ ಪುಸ್ತಕ ಇರುವ ಜಾಗ ಎಂದುಕೊಳ್ಳಬೇಡಿ. ಅಲ್ಲಿ ಲೈಬ್ರರಿ ಎಂದರೆ ಬಾಡಿಗೆಗೆ ಕೊಡುವ ಓದುವ ಮೇಜು, ಒಂದು ದೀಪ, ಒಂದು ಪ್ಲಗ್ ಪಾಯಿಂಟ್. ಈ ಎಲ್ಲ ಕೆಲಸಗಳಿಗೂ ಬೇರೆ ಬೇರೆ ಜನ ಇರುತ್ತಾರೆ ಎಂದುಕೊಂಡರೆ ಅದೂ ತಪ್ಪು. ಬೆಳಿಗ್ಗೆ ರಿಸೆಪ್ಶನ್ನಿನಲ್ಲಿ ಕೂತವರೇ ಮಧ್ಯಾಹ್ನ ಪರೀಕ್ಷಾ ಕೋಣೆಯಲ್ಲಿ ನಿಂತಿರುತ್ತಾರೆ, ಸಂಜೆ ಲೈಬ್ರರಿಯ ಬಾಗಿಲಲ್ಲಿ ಕೂತಿರುತ್ತಾರೆ. ಒಬ್ಬ ವ್ಯಕ್ತಿ, ಮೂರು ರೋಲ್.

ಇದು ಮುಖರ್ಜಿ ನಗರದ ಕಥೆ ಮಾತ್ರವಲ್ಲ. ನಮ್ಮ ಕೆಎಸ್‌ಆರ್‌ಟಿಸಿಯಲ್ಲಿ "ಚಾಲಕ-ಕಂ-ನಿರ್ವಾಹಕ" ಎಂಬ ಹುದ್ದೆಯೇ ಇದೆ. ಒಬ್ಬರೇ ಸ್ಟೀರಿಂಗನ್ನೂ ಹಿಡಿಯುತ್ತಾರೆ, ಟಿಕೆಟನ್ನೂ ಕೊಡುತ್ತಾರೆ. ಊರಿನ ಶಾಲೆಯ ಮೇಡಂ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ ಬರೆಯುತ್ತಾರೆ, ಚುನಾವಣೆ ಬಂದರೆ ಮತಗಟ್ಟೆಗೆ ಹೋಗುತ್ತಾರೆ. ಇಲ್ಲಿ ಕೂತಿರುವವರಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಇರುವವರು ಬಹಳ ಜನ. ನಿಮಗೆ "ಅಡಿಷನಲ್ ಚಾರ್ಜ್" ಎಂಬ ಮಾತು ಚೆನ್ನಾಗಿ ಗೊತ್ತು. ಅದಕ್ಕೆ ಮೂಲ ನಿಯಮಗಳಲ್ಲಿ 49ನೇ ನಿಯಮ ಇದೆ: ಇನ್ನೊಂದು ಹುದ್ದೆಯ ಪೂರ್ಣ ಹೊಣೆಯನ್ನು ವಿಧಿವತ್ತಾಗಿ ವಹಿಸಿ ಅದು 45 ದಿನ ಮೀರಿದರೆ ಹೆಚ್ಚುವರಿ ವೇತನಕ್ಕೆ ಅವಕಾಶ ಉಂಟು. ಅಂದರೆ ಸರ್ಕಾರ ಒಂದು ಮಾತನ್ನು ಒಪ್ಪಿಕೊಂಡಿದೆ. ಎರಡು ಕುರ್ಚಿಯ ಕೆಲಸ ಒಬ್ಬರ ಮೇಲೆ ಬಿದ್ದರೆ ಅದನ್ನು ಎಲ್ಲೋ ಒಂದು ಕಡೆ ಬರೆಯಬೇಕು. ಖಾಸಗಿ ಕಡೆ ಅದನ್ನು ಬರೆಯುವ ಜಾಗವೇ ಹಾಜರಿ ಸಾಫ್ಟ್‌ವೇರ್.

ಹಾಜರಿ ಯಂತ್ರದ ಹುಟ್ಟು ನೋಡಿದರೆ ಸೊಗಸಾಗಿದೆ. ಸುಮಾರು 1890ರ ಹೊತ್ತಿಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ವಿಲ್ಲರ್ಡ್ ಬಂಡಿ ಎಂಬಾತ ಒಂದು ಗಡಿಯಾರ ಮಾಡಿದ. ಹೆಸರು ನಮ್ಮ ಬಂಡಿಯೇ. ಪ್ರತಿ ಕೆಲಸಗಾರನಿಗೂ ನಂಬರ್ ಇದ್ದ ಒಂದು ಕೀಲಿ. ಬಂದಾಗ ಕೀಲಿ ಹಾಕಿ ತಿರುಗಿಸಿದರೆ ನಂಬರೂ ಹೊತ್ತೂ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಮುಂದೆ ಆ ಕಂಪನಿ ಬೇರೆ ಕಂಪನಿಗಳ ಜೊತೆ ಸೇರುತ್ತ ಹೋಗಿ ಈಗಿನ ಐಬಿಎಂನ ಬೇರುಗಳಲ್ಲಿ ಒಂದಾಯಿತು. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ: ಕೀಲಿ ಮನುಷ್ಯನದು, ಕೆಲಸದ್ದಲ್ಲ. ಆತ ಯಾವ ಯಂತ್ರದ ಮುಂದೆ ನಿಂತು ಕೆಲಸ ಮಾಡಿದರೂ ಕೀಲಿ ಒಂದೇ.

ಈಗ ಕೀಲಿಯ ಜಾಗಕ್ಕೆ ಬೆರಳು ಬಂದಿದೆ, ಮುಖ ಬಂದಿದೆ, ಮೊಬೈಲ್ ಬಂದಿದೆ. 2014ರಿಂದ ಕೇಂದ್ರದ ಕಚೇರಿಗಳಲ್ಲಿ ಆಧಾರ್ ಆಧಾರಿತ ಹಾಜರಿ ಬಂದದ್ದು ನಿಮಗೆಲ್ಲ ಗೊತ್ತು. ಹಾಗಿದ್ದ ಮೇಲೆ ಗೊಂದಲ ಎಲ್ಲಿ? ಗೊಂದಲ ಹುಟ್ಟುವುದು ಸಾಫ್ಟ್‌ವೇರಿನಲ್ಲಿ ಒಬ್ಬ ಉದ್ಯೋಗಿಗೆ ಒಂದೇ ವಿಭಾಗ, ಒಂದೇ ಶಿಫ್ಟ್, ಒಬ್ಬರೇ ಮೇಲಧಿಕಾರಿ ಎಂದು ಹಾಕಿಟ್ಟಾಗ. ಆ ಉದ್ಯೋಗಿಗೆ ಎರಡನೆಯ ಕೆಲಸ ಕೊಟ್ಟ ದಿನ ಏನು ಮಾಡುತ್ತಾರೆ? ಅವಸರದಲ್ಲಿ ಎರಡನೆಯ ಐಡಿ ಮಾಡಿಬಿಡುತ್ತಾರೆ. ಎಲ್ಲರಿಗೂ ಸುಲಭ. ಆದರೆ ಆ ಸುಲಭಕ್ಕೆ ಬೆಲೆ ತೆರುವವರು ಬೇರೆ.

ನಾನು ಒಂದು ಸಂಸ್ಥೆಗೆ ಸೇರಿದಾಗ ಅಲ್ಲಿ ಇಂಥ ಒಬ್ಬ ಹೆಂಗಸು ಇದ್ದರು. ಸಂಸ್ಥೆಯ ಹೆಸರು ಬೇಡ, ಅವರ ಹೆಸರೂ ಬೇಡ. ನಾವೆಲ್ಲ ಅವರನ್ನು ದೀದಿ ಎನ್ನುತ್ತಿದ್ದೆವು. ಗಂಡ ಇಲ್ಲ, ಮಗಳು ಹನ್ನೊಂದನೆಯ ತರಗತಿ. ಮೊದಲು ರಿಸೆಪ್ಶನ್ನಿಗೆ ಸೇರಿದವರು. ಕೆಲವು ತಿಂಗಳಾದ ಮೇಲೆ ಲೈಬ್ರರಿಗೆ ಸಂಜೆ ಯಾರಾದರೂ ಬೇಕು ಎಂದಾಗ ತಾವೇ ಮುಂದೆ ಬಂದರು. ನಾನು ಬರುವುದಕ್ಕೂ ಮೊದಲೇ ಅವರಿಗೆ ಎರಡು ಐಡಿ ಆಗಿತ್ತು. ಒಂದೇ ಬೆರಳನ್ನು ಯಂತ್ರ ಎರಡು ಸಲ ನೋಂದಾಯಿಸಿಕೊಳ್ಳುವುದಿಲ್ಲ. ಅದಕ್ಕೆ ಉಪಾಯ ಹುಡುಕಿದ್ದರು: ರಿಸೆಪ್ಶನ್ನಿಗೆ ಬಲಗೈ ಹೆಬ್ಬೆರಳು, ಲೈಬ್ರರಿಗೆ ಎಡಗೈ ಹೆಬ್ಬೆರಳು. ದೀದಿಗೆ ಅದೊಂದು ತಮಾಷೆ. "ಬಲಗೈ ಬೆಳಗಿನದು, ಎಡಗೈ ಸಂಜೆಯದು" ಎಂದು ನಗುತ್ತಿದ್ದರು.

ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಬಂದು ಕೇಳಿದರು: "ಮೇಡಂ, ಎಲ್ಲರಿಗೂ ವಾರದ ರಜೆ ಇದೆ. ನನ್ನದು ಎಲ್ಲಿ ಹೋಯಿತು?" ಕಂಪ್ಯೂಟರಿನಲ್ಲಿ ನೋಡಿದೆ. ಎರಡೂ ಐಡಿಯಲ್ಲಿ ವಾರದ ರಜೆ ನಿಯಮದಂತೆ ಇತ್ತು. ರಿಸೆಪ್ಶನ್ನಿಗೆ ಭಾನುವಾರ, ಲೈಬ್ರರಿಗೆ ಸೋಮವಾರ. ಕಾಗದದ ಮೇಲೆ ಎರಡು ರಜೆ. ಆದರೆ ಭಾನುವಾರ ರಿಸೆಪ್ಶನ್ ಮುಚ್ಚಿದ್ದರೂ ಮಧ್ಯಾಹ್ನ 3 ಗಂಟೆಗೆ ಲೈಬ್ರರಿಗೆ ಬರಬೇಕು. ಸೋಮವಾರ ಲೈಬ್ರರಿ ಇಲ್ಲದಿದ್ದರೂ ಬೆಳಿಗ್ಗೆ 8ಕ್ಕೆ ರಿಸೆಪ್ಶನ್ನಿನಲ್ಲಿ ಇರಬೇಕು. ಶನಿವಾರ ರಾತ್ರಿ 8ರಿಂದ ಭಾನುವಾರ ಮಧ್ಯಾಹ್ನ 3ರ ತನಕ 19 ಗಂಟೆ. ಸೋಮವಾರ ಮಧ್ಯಾಹ್ನ 1ರಿಂದ ಮಂಗಳವಾರ ಬೆಳಿಗ್ಗೆ 8ರ ತನಕ ಮತ್ತೆ 19 ಗಂಟೆ. ಇಡೀ ವಾರದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಬಿಡುವು 19 ಗಂಟೆ. ಇಡೀ ಒಂದು ದಿನ ಎಂದೂ ಇಲ್ಲ.

ಇನ್ನು ಗಂಟೆಗಳ ಲೆಕ್ಕ. ಬೆಳಿಗ್ಗೆ 8ರಿಂದ 1ರ ತನಕ ರಿಸೆಪ್ಶನ್, 5 ಗಂಟೆ, ವಾರಕ್ಕೆ 6 ದಿನ. ಸಂಜೆ 3ರಿಂದ 8ರ ತನಕ ಲೈಬ್ರರಿ, 5 ಗಂಟೆ, ವಾರಕ್ಕೆ 6 ದಿನ. ಒಂದು ಐಡಿಯಲ್ಲಿ ವಾರಕ್ಕೆ 30 ಗಂಟೆ, ಇನ್ನೊಂದರಲ್ಲೂ 30. ಎರಡೂ ಕಡೆಯ ಮೇಲ್ವಿಚಾರಕರು ಒಳ್ಳೆಯವರೇ. ಇಬ್ಬರೂ ನನಗೆ ಹೇಳಿದ್ದು ಒಂದೇ ಮಾತು: "ನನ್ನ ಲೆಕ್ಕದಲ್ಲಿ ಅವರಿಗೆ ಏನೂ ಹೊರೆ ಇಲ್ಲವಲ್ಲ, 30 ಗಂಟೆ ಅಷ್ಟೇ." ಅವರವರ ಪರದೆಯಲ್ಲಿ ಅದು ನಿಜ. ಆದರೆ ದೀದಿಗೆ ಇದ್ದದ್ದು ಒಂದೇ ಮೈ. ಆ ಮೈ ವಾರಕ್ಕೆ 60 ಗಂಟೆ ದುಡಿಯುತ್ತಿತ್ತು.

ಕಾನೂನು ಏನು ಹೇಳುತ್ತದೆ ನೋಡೋಣ. ದೆಹಲಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 1954ರದು. ಲಾಭಕ್ಕಾಗಿ ನಡೆಸುವ ವಿದ್ಯಾಸಂಸ್ಥೆಗಳನ್ನೂ ಅದು ವಾಣಿಜ್ಯ ಸಂಸ್ಥೆಯ ವ್ಯಾಖ್ಯೆಯೊಳಗೆ ತರುತ್ತದೆ. ಅದರ ಪ್ರಕಾರ ವಯಸ್ಕರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಲೆಕ್ಕಪತ್ರ, ದಾಸ್ತಾನು ಎಣಿಕೆಯಂಥ ವಿಶೇಷ ಸಂದರ್ಭದಲ್ಲಿ ವಾರಕ್ಕೆ 54ರ ತನಕ ಹೋಗಬಹುದು, ಅದೂ ವರ್ಷಕ್ಕೆ ಒಟ್ಟು 150 ಗಂಟೆ ಮೀರದಂತೆ, ಮತ್ತು ಆ ಹೆಚ್ಚಿನ ಗಂಟೆಗೆ ಎರಡು ಪಟ್ಟು ಸಂಬಳ ಕೊಟ್ಟು. ವಾರಕ್ಕೆ ಒಂದು ಸಲ ಸತತ 24 ಗಂಟೆಯ ಬಿಡುವು ಕೊಡಬೇಕು. ವಾಣಿಜ್ಯ ಸಂಸ್ಥೆಯಲ್ಲಿ ಕೆಲಸ ಶುರುವಾಗಿ ಮುಗಿಯುವ ತನಕದ ಹರವು, ಮಧ್ಯದ ಬಿಡುವೂ ಸೇರಿ, ದಿನಕ್ಕೆ ಹತ್ತೂವರೆ ಗಂಟೆ ಮೀರಬಾರದು. ದೀದಿಯದು ಬೆಳಿಗ್ಗೆ 8ರಿಂದ ರಾತ್ರಿ 8, ಅಂದರೆ 12 ಗಂಟೆ. ಮಧ್ಯದ ಎರಡು ಗಂಟೆಯಲ್ಲಿ ಮನೆಗೆ ಹೋಗಿ ಬರಲಾಗದು. ಮೆಸ್ಸಿನ ಮೂಲೆಯಲ್ಲಿ ಕೂತು ತೂಕಡಿಸುತ್ತಿದ್ದರು.

ಅದೇ ಕಾಯ್ದೆಯ 9ನೇ ಕಲಂ ಬಹಳ ಜನ ಓದಿಲ್ಲ. ಒಂದೇ ಸಂಸ್ಥೆಯಲ್ಲಾಗಲಿ, ಎರಡು ಮೂರು ಸಂಸ್ಥೆಗಳಲ್ಲಾಗಲಿ, ಒಬ್ಬ ವ್ಯಕ್ತಿಯ ಒಟ್ಟು ಕೆಲಸ ಕಾಯ್ದೆ ಹೇಳಿದ ಅವಧಿಯನ್ನು ಮೀರಬಾರದು ಎಂಬುದು ಅದರ ಸಾರ. ಕಾನೂನು ಎಣಿಸುವುದು ಮನುಷ್ಯನನ್ನು, ಐಡಿಯನ್ನಲ್ಲ. ಇನ್ನು ದರದ ವಿಷಯ. 1948ರ ಕನಿಷ್ಠ ವೇತನ ಕಾಯ್ದೆಯ 16ನೇ ಕಲಂ ಸರಿಯಾಗಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿತ್ತು: ಒಬ್ಬ ಉದ್ಯೋಗಿ ಬೇರೆ ಬೇರೆ ಕನಿಷ್ಠ ದರವಿರುವ ಎರಡು ಬಗೆಯ ಕೆಲಸ ಮಾಡಿದರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೋ ಅಷ್ಟು ಹೊತ್ತಿಗೆ ಆ ಕೆಲಸದ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ 11ನೇ ಕಲಂ ಅದನ್ನೇ ಹೇಳುತ್ತದೆ. ಗಂಟೆಯ ಮಿತಿ, ಓವರ್‌ಟೈಮಿನ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅಧಿಸೂಚನೆಗಳಿಂದ ಬದಲಾಗುತ್ತಲೂ ಇರುತ್ತದೆ. ಹೊಸದನ್ನು ನೋಡಿಕೊಂಡೇ ಲೆಕ್ಕ ಹಾಕಬೇಕು. ಆದರೆ ತತ್ವ ಬದಲಾಗಿಲ್ಲ.

ಆ ತತ್ವವನ್ನು ನಾನು ಹೊಸದಾಗಿ ಸೇರಿದ ಹುಡುಗಿಯರಿಗೆ ಒಂದೇ ಸಾಲಿನಲ್ಲಿ ಹೇಳಿಕೊಡುತ್ತೇನೆ: ಗಂಟೆ ಕೂಡಿಸುವುದು ವ್ಯಕ್ತಿಯ ಹೆಸರಲ್ಲಿ, ದರ ಹಚ್ಚುವುದು ಕೆಲಸದ ಹೆಸರಲ್ಲಿ. ಇವತ್ತಿನ ನನ್ನ ಮಾತಿನಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ.

ದುಡ್ಡಿನಲ್ಲಿ ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ದುಂಡು ಅಂಕಿಯಲ್ಲಿ ತೋರಿಸುತ್ತೇನೆ. ತಿಂಗಳ ಸಂಬಳವನ್ನು ಗಂಟೆಗೆ ಇಳಿಸಿದರೆ ರಿಸೆಪ್ಶನ್ನಿಗೆ 100 ರೂಪಾಯಿ, ಲೈಬ್ರರಿಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಐಡಿಯ ಲೆಕ್ಕದಲ್ಲಿ ವಾರಕ್ಕೆ 3,000 ಮತ್ತು 3,600, ಒಟ್ಟು 6,600 ರೂಪಾಯಿ. ಓವರ್‌ಟೈಮ್ ಸೊನ್ನೆ. ಒಂದೇ ಐಡಿ ಆಗಿದ್ದರೆ 60 ಗಂಟೆಯಲ್ಲಿ 48 ಕಳೆದು 12 ಗಂಟೆ ಓವರ್‌ಟೈಮ್. ಆ 12 ಗಂಟೆಗೆ ಇನ್ನೊಂದು ಪಟ್ಟು ಸೇರಬೇಕು. ಯಾವ ದರದ ಇನ್ನೊಂದು ಪಟ್ಟು? ಕಡಿಮೆ ದರ ಹಿಡಿದರೆ 1,200, ಹೆಚ್ಚಿನ ದರ ಹಿಡಿದರೆ 1,440. ಅಮೆರಿಕದಲ್ಲಿ ಇಂಥ ಸಂದರ್ಭದಲ್ಲಿ ಎರಡೂ ಕೆಲಸದ ಒಟ್ಟು ಗಳಿಕೆಯನ್ನು ಒಟ್ಟು ಗಂಟೆಯಿಂದ ಭಾಗಿಸಿ ಸರಾಸರಿ ದರ ಹಿಡಿಯುವ ಪದ್ಧತಿ ಇದೆ. ಹಾಗೆ ಮಾಡಿದರೆ ನಮ್ಮ ಲೆಕ್ಕದಲ್ಲಿ ಗಂಟೆಗೆ 110, ಒಟ್ಟು 1,320 ರೂಪಾಯಿ. ಯಾವುದನ್ನು ಹಿಡಿಯಬೇಕು ಎಂದು ಮೊದಲೇ ಬರೆದಿಟ್ಟಿರಬೇಕು. ತಿಂಗಳ ಕೊನೆಯ ದಿನ ಕೂತು ತೀರ್ಮಾನಿಸುವ ವಿಷಯ ಅಲ್ಲ ಅದು. ಯಾವುದನ್ನೇ ಹಿಡಿಯಿರಿ, ವಾರಕ್ಕೆ 1,200 ರೂಪಾಯಿಗಿಂತ ಕಡಿಮೆಯಿಲ್ಲದ ಹಣ ಒಂದು ಎಡಗೈ ಹೆಬ್ಬೆರಳಿನ ಹಿಂದೆ ಅಡಗಿ ಕೂತಿತ್ತು.

ಹಾಗಾದರೆ ಸಾಫ್ಟ್‌ವೇರಿನಲ್ಲಿ ಸರಿಯಾಗಿ ಮಾಡುವುದು ಹೇಗೆ? ಕಷ್ಟವೇನಲ್ಲ. ಈಗಿನ ಒಳ್ಳೆಯ ಹಾಜರಿ ಸಾಫ್ಟ್‌ವೇರುಗಳಲ್ಲಿ ಒಬ್ಬ ಉದ್ಯೋಗಿಯ ಕೆಳಗೆ ಹಲವು ರೋಲ್ ಸೇರಿಸುವ ವ್ಯವಸ್ಥೆ ಇರುತ್ತದೆ. ನಮ್ಮ ಪಿಎಫ್ ಅನ್ನೇ ನೋಡಿ. 2014ರಲ್ಲಿ ಯುಎಎನ್ ಬಂತು. ಒಬ್ಬರಿಗೆ ಒಂದೇ ನಂಬರ್, ಅದರ ಕೆಳಗೆ ಬೇರೆ ಬೇರೆ ಕಡೆ ಕೆಲಸ ಮಾಡಿದ ಬೇರೆ ಬೇರೆ ಸದಸ್ಯ ಸಂಖ್ಯೆ. ಅದೇ ಮಾದರಿ ಇಲ್ಲೂ ಬೇಕು. ಮೇಲೆ ವ್ಯಕ್ತಿ, ಕೆಳಗೆ ರೋಲುಗಳು. ಪ್ರತಿ ರೋಲಿಗೂ ಅದರ ದರ, ಅದರ ಮೇಲ್ವಿಚಾರಕರು, ಯಾವ ದಿನಾಂಕದಿಂದ ಯಾವ ದಿನಾಂಕದ ತನಕ ಎಂಬುದು ಸ್ಪಷ್ಟವಾಗಿರಬೇಕು. ಒಂದು ರೋಲ್ ಮುಖ್ಯ ಎಂದು ಗುರುತು ಮಾಡಿರಬೇಕು, ಏನೂ ಆರಿಸದೆ ಬೆರಳಿಟ್ಟರೆ ಆ ಹೊತ್ತು ಮುಖ್ಯ ರೋಲಿಗೆ ಹೋಗಲಿ ಎಂದು.

ಕೆಲಸ ಬದಲಾದಾಗ ಉದ್ಯೋಗಿ ಯಂತ್ರದ ಮುಂದೆ ಮತ್ತೆ ಬೆರಳಿಟ್ಟು ರೋಲ್ ಬದಲಿಸಬೇಕು. ಇಲ್ಲವೇ ಲೈಬ್ರರಿಯ ಯಂತ್ರಕ್ಕೆ ಬೆರಳಿಟ್ಟರೆ ಅದು ಲೈಬ್ರರಿ ಕೆಲಸ ಎಂದು ಯಂತ್ರವೇ ತಿಳಿದುಕೊಳ್ಳಬೇಕು. ಎರಡನೆಯದೇ ನಮ್ಮ ಜನಕ್ಕೆ ಅನುಕೂಲ. ಮೆಸ್ಸಿನಲ್ಲಿ ಪಾತ್ರೆ ತೊಳೆಯುವವರ ಬೆರಳು ಸವೆದು ಯಂತ್ರಕ್ಕೆ ಓದಲು ಬರುವುದೇ ಕಷ್ಟ. ಅದರ ಮೇಲೆ ಇಂಗ್ಲಿಷಿನ ನಾಲ್ಕು ಬಟನ್ ತೋರಿಸಿ ಆರಿಸು ಎಂದರೆ ಅವರಿಗೆ ಹೇಗಾಗಬೇಕು?

ಇನ್ನೊಂದು ಸಣ್ಣ ವಿಷಯ, ಸಣ್ಣದಾಗಿ ಕಂಡರೂ ದೊಡ್ಡ ಪೆಟ್ಟು ಕೊಡುವುದು. ಹಲವು ಕಡೆ ಹೊತ್ತನ್ನು 15 ನಿಮಿಷಕ್ಕೆ ಹೊಂದಿಸಿಬಿಡುತ್ತಾರೆ. 7 ನಿಮಿಷ ಹೆಚ್ಚಾಗಿದ್ದರೆ ಅದು ಹೋಯಿತು. ದಿನಕ್ಕೆ ಒಂದು ಸಲ ಬಂದು ಒಂದು ಸಲ ಹೋಗುವವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಕೆಲಸ ಬದಲಿಸುವವರಿಗೆ ನಾಲ್ಕು ಸಲವೂ 7 ನಿಮಿಷ ಹೋದರೆ 28 ನಿಮಿಷ. ತಿಂಗಳಿಗೆ 26 ದಿನ ಎಂದರೆ 728 ನಿಮಿಷ, ಹನ್ನೆರಡು ಗಂಟೆಗೂ ಹೆಚ್ಚು. ಹಾಗಾಗಿ ಹೊಂದಿಸಲೇಬೇಕು ಎಂದಿದ್ದರೆ ದಿನದ ಮೊದಲ ಪಂಚ್ ಮತ್ತು ಕೊನೆಯ ಪಂಚ್‌ನಲ್ಲಿ ಮಾತ್ರ. ಮಧ್ಯದ ಬದಲಾವಣೆಯಲ್ಲಿ ನಿಮಿಷಕ್ಕೆ ನಿಮಿಷ.

ಒಪ್ಪಿಗೆಯ ವಿಷಯಕ್ಕೆ ಬಂದರೆ, ಆಯಾ ಮೇಲ್ವಿಚಾರಕರು ತಮ್ಮ ಕಡೆಯ ಗಂಟೆಯನ್ನು ಒಪ್ಪಲಿ. ಆದರೆ ಇಬ್ಬರಿಗೂ ಒಟ್ಟು ಗಂಟೆ ಕಾಣಬೇಕು. ವಾರದ 48 ಹತ್ತಿರವಾಗುತ್ತಿದೆ ಎಂದಾಗ ಇಬ್ಬರಿಗೂ ಎಚ್ಚರಿಕೆ ಹೋಗಬೇಕು, ಮೀರಿದ ಮೇಲಲ್ಲ, ಮೀರುವ ಮೊದಲು. ವಾರದ ರಜೆ ವ್ಯಕ್ತಿಗೆ ಒಂದೇ, ಎರಡೂ ಕೆಲಸಕ್ಕೆ ಒಂದೇ ದಿನ. ಜ್ವರ ಬಂದು ರಜೆ ಹಾಕಿದರೆ ಒಂದು ಅರ್ಜಿ ಸಾಕು, ಜ್ವರ ಬಲಗೈಗೊಂದು ಎಡಗೈಗೊಂದು ಬರುವುದಿಲ್ಲ. ಒಂದು ಕೆಲಸ ಬಿಟ್ಟರೆ ಆ ರೋಲಿಗೆ ಮಾತ್ರ ಕೊನೆಯ ದಿನಾಂಕ ಹಾಕಬೇಕು. ಇಡೀ ವ್ಯಕ್ತಿಯನ್ನೇ ತೆಗೆದುಹಾಕಿದರೆ ಸೇವಾವಧಿ ಮುರಿದು ಗ್ರಾಚ್ಯುಟಿಯ ಲೆಕ್ಕಕ್ಕೇ ತೊಂದರೆಯಾಗುತ್ತದೆ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. 2023ರ ಜೂನ್ 15ರಂದು ಮುಖರ್ಜಿ ನಗರದ ಒಂದು ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮಕ್ಕಳು ಕಿಟಕಿಯಿಂದ ಹಗ್ಗ, ತಂತಿ ಹಿಡಿದು ಇಳಿದ ದೃಶ್ಯವನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ದೆಹಲಿ ಹೈಕೋರ್ಟ್ ಅದನ್ನು ತಾನೇ ಕೈಗೆತ್ತಿಕೊಂಡಿತು. ಅಂಥ ಹೊತ್ತಿನಲ್ಲಿ ಮೊದಲು ಕೇಳುವ ಪ್ರಶ್ನೆ, ಒಳಗೆ ಯಾರಿದ್ದಾರೆ? ವಿದ್ಯಾರ್ಥಿಗಳ ಪಟ್ಟಿಯ ಜೊತೆ ಸಿಬ್ಬಂದಿಯ ಪಟ್ಟಿಯೂ ಬೇಕು. ಒಬ್ಬರಿಗೆ ಎರಡು ಐಡಿ ಇದ್ದರೆ ಒಂದು ಐಡಿ "ಹೋದರು" ಎನ್ನುತ್ತದೆ, ಇನ್ನೊಂದು "ಇದ್ದಾರೆ" ಎನ್ನುತ್ತದೆ. ಇಲ್ಲದವರನ್ನು ಹುಡುಕುತ್ತ ಒಳಗೆ ನುಗ್ಗುವುದೂ ಅಪಾಯ, ಇರುವವರನ್ನು ಹೋದರು ಎಂದು ಬಿಡುವುದೂ ಅಪಾಯ. ಹಾಜರಿ ಎಂದರೆ ಸಂಬಳದ ಲೆಕ್ಕ ಮಾತ್ರವಲ್ಲ, ತಲೆ ಎಣಿಕೆಯೂ ಹೌದು.

ದೀದಿಯ ವಿಷಯಕ್ಕೆ ಬರುತ್ತೇನೆ. ಎರಡೂ ಐಡಿಯನ್ನು ಒಂದು ಮಾಡಿ ಲೆಕ್ಕ ತೋರಿಸಿದಾಗ ಸಂಸ್ಥೆಯವರು 60 ಗಂಟೆ ಎಂದು ನೋಡಿ ಗಾಬರಿಯಾದರು. ಅವರ ಮೊದಲ ಮಾತು: "ಲೈಬ್ರರಿ ಕೆಲಸ ಬಿಡಿಸಿಬಿಡಿ." ದೀದಿಗೆ ಅದು ಗೊತ್ತಾದಾಗ ಅವರು ನನ್ನ ಮೇಲೆ ಸಿಟ್ಟಾದರು. "ನಾನು ರಜೆ ಕೇಳಿದೆ, ಕೆಲಸ ತೆಗೆಯಿರಿ ಎಂದು ಕೇಳಲಿಲ್ಲ. ಗಂಟೆ ಕಡಿಮೆಯಾದರೆ ದುಡ್ಡೂ ಕಡಿಮೆಯಾಗುತ್ತದೆ. ಮಗಳ ಫೀಸ್ ಯಾರು ಕಟ್ಟುತ್ತಾರೆ?" ಎಂದರು. ಅವರ ಸಿಟ್ಟು ನ್ಯಾಯವೇ. ನಮ್ಮ ನಿಯಮಗಳು ಗಂಟೆಗೆ ಮಿತಿ ಹಾಕುತ್ತವೆ. ಆದರೆ 48 ಗಂಟೆಯ ಸಂಬಳದಲ್ಲಿ ಮನೆ ನಡೆಯದಿದ್ದರೆ ಹೆಂಗಸರು ತಾವೇ ಎರಡನೆಯ ಹೆಬ್ಬೆರಳು ಮುಂದೆ ಚಾಚುತ್ತಾರೆ. ಇದನ್ನು ಮರೆತು ಬರೀ ಸಾಫ್ಟ್‌ವೇರ್ ಸರಿ ಮಾಡಿದೆವು ಎಂದರೆ ಅರ್ಧ ಕೆಲಸ ಮಾಡಿದ ಹಾಗೆ.

ಅದಕ್ಕೆ ನಾನು ಸಂಸ್ಥೆಯವರ ಮುಂದೆ ಬೇರೆ ಲೆಕ್ಕ ಇಟ್ಟೆ. ಎರಡೂ ಕೆಲಸ ಬಲ್ಲವರು ಒಬ್ಬರಿದ್ದರೆ, ಯಾವ ಕಡೆ ಯಾರು ಬಾರದಿದ್ದರೂ ನಿಮಗೆ ಚಿಂತೆ ಇಲ್ಲ. ಆ ಬೆಲೆಯನ್ನು ದರದಲ್ಲಿ ಕೊಡಿ. ಕೊನೆಗೆ, ಅದೇ ದುಂಡು ಅಂಕಿಯಲ್ಲಿ ಹೇಳುವುದಾದರೆ, 48 ಗಂಟೆಗೆ ಗಂಟೆಗೆ 130 ರೂಪಾಯಿಯಂತೆ ಒಪ್ಪಿದರು. ವಾರಕ್ಕೆ 6,240. ಮೊದಲಿಗಿಂತ 360 ಕಡಿಮೆ. ಬದಲಿಗೆ ಹನ್ನೆರಡು ಗಂಟೆ ಹಗುರ, ಸೋಮವಾರ ಪೂರ್ತಿ ರಜೆ, ಕೆಲಸದ ಹೊತ್ತು ಬೆಳಿಗ್ಗೆ 10ರಿಂದ. ಅಡ್ಮಿಷನ್ ಸಮಯದಲ್ಲಿ ಹೆಚ್ಚು ಹೊತ್ತು ನಿಂತರೆ ಗಂಟೆಗೆ 260. ಹಿಂದಿನ ಬಾಕಿಗಾಗಿ ಮಾತುಕತೆಯಾಯಿತು, ಒಂದಿಷ್ಟು ಬಂತು, ಪೂರ್ತಿ ಬರಲಿಲ್ಲ. ದೀದಿ ಒಪ್ಪಿಕೊಂಡರು. ನನ್ನ ಹತ್ತಿರ ಪೂರ್ತಿ ಖುಷಿಯಿಂದ ಮಾತಾಡಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮೊದಲ ಸೋಮವಾರ ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, "ಮಧ್ಯಾಹ್ನ ಮಲಗಿದೆ" ಎಂದರು. ಅಷ್ಟೇ ಹೇಳಿದರು.

ಅಕ್ಕಂದಿರೆ, ಈಗ ಕಚೇರಿ ಬಿಟ್ಟು ಮನೆಯ ಕಡೆ ಬರೋಣ. ನಮ್ಮ ದೇಶದಲ್ಲಿ 2019ರಲ್ಲಿ ರಾಷ್ಟ್ರಮಟ್ಟದ ಸಮಯ ಬಳಕೆ ಸಮೀಕ್ಷೆ ನಡೆಯಿತು. ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4ರ ತನಕ, ಅರ್ಧ ಅರ್ಧ ಗಂಟೆಗೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿ ಬರೆದರು. ಒಂದೇ ಅರ್ಧ ಗಂಟೆಯಲ್ಲಿ ಎರಡು ಮೂರು ಕೆಲಸ ನಡೆದಿದ್ದರೆ ಅದನ್ನೂ ಬರೆದುಕೊಂಡರು. ಅಂದರೆ ಒಲೆಯ ಮೇಲೆ ಸಾರು, ಪಕ್ಕದಲ್ಲಿ ಮಗುವಿನ ಹೋಂವರ್ಕ್, ಎರಡಕ್ಕೂ ಜಾಗ ಇತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಬಂತು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಎರಡೂ ಕಡೆ ಇಳಿದಿದೆ, ಅಂತರ ಹೆಚ್ಚುಕಡಿಮೆ ಹಾಗೆಯೇ ಇದೆ. ದೀದಿಯ 60 ಗಂಟೆಯ ಆಚೆಗೆ ಈ ಐದು ಗಂಟೆ ದಿನದಿನವೂ ಇತ್ತು. ಅದಕ್ಕೆ ಯಾವ ಹೆಬ್ಬೆರಳೂ ಇರಲಿಲ್ಲ.

ಆದ್ದರಿಂದ ನಮ್ಮಲ್ಲಿ ಮೂರು ಬಗೆಯವರಿಗೆ ಮೂರು ಮಾತು ಹೇಳಿ ಮುಗಿಸುತ್ತೇನೆ.

ಕೆಲಸಕ್ಕೆ ಹೋಗುವವರಿಗೆ: ಎರಡನೆಯ ಹೊಣೆ ಕೊಟ್ಟಾಗ ಬಾಯಿಮಾತಿನಲ್ಲಿ ಒಪ್ಪಬೇಡಿ, ಒಂದು ಇಮೇಲಾದರೂ ಇರಲಿ. ನೇಮಕದ ಪತ್ರದಲ್ಲಿ "ಮತ್ತು ವಹಿಸಲಾಗುವ ಇತರೆ ಕೆಲಸಗಳು" ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲು ಕೆಲಸವನ್ನು ಕೊಡಬಹುದು, ಗಂಟೆಯನ್ನು ಮಾಯ ಮಾಡಲಾರದು. ಪೇ ಸ್ಲಿಪ್‌ನಲ್ಲಿ ಒಟ್ಟು ಗಂಟೆ ಎಷ್ಟು ಎಂದು ಕೇಳಿ. ಒಂದು ಸಣ್ಣ ಡೈರಿಯಲ್ಲಿ ಬಂದ ಹೊತ್ತು, ಹೋದ ಹೊತ್ತು, ಯಾವ ಕೆಲಸ ಎಂದು ನೀವೂ ಬರೆದಿಡಿ. ಯಂತ್ರ ಕೆಟ್ಟ ದಿನ ಅದೇ ಸಾಕ್ಷಿ.

ನನ್ನ ಹಾಗೆ ಸಿಬ್ಬಂದಿ ವಿಭಾಗದಲ್ಲಿ ಇರುವವರಿಗೆ: ಇವತ್ತು ರಾತ್ರಿಯಲ್ಲ, ನಾಳೆ ಕಚೇರಿಗೆ ಹೋದ ಮೇಲೆ ಒಂದು ಪಟ್ಟಿ ತೆಗೆಯಿರಿ. ಒಂದೇ ಬ್ಯಾಂಕ್ ಖಾತೆಗೆ, ಒಂದೇ ಯುಎಎನ್‌ಗೆ ಎರಡು ಐಡಿಯಿಂದ ಸಂಬಳ ಹೋಗುತ್ತಿದೆಯೇ ನೋಡಿ. ಹೋಗುತ್ತಿದ್ದರೆ ಅಲ್ಲೊಬ್ಬ ದೀದಿ ಇದ್ದಾರೆ.

ಮನೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡಿರುವವರಿಗೆ, ಅಂದರೆ ಇಲ್ಲಿರುವ ಬಹುತೇಕ ಎಲ್ಲರಿಗೂ: ಅಡುಗೆಗೆಂದು ಬಂದವರಿಗೆ ಮೆಲ್ಲಗೆ ಬಟ್ಟೆ ಒಣಹಾಕುವುದು, ಅಜ್ಜಿಗೆ ಔಷಧಿ ಕೊಡುವುದು, ಮಗುವನ್ನು ಬಸ್ಸಿಗೆ ಬಿಡುವುದು ಸೇರಿಕೊಳ್ಳುತ್ತದೆ. ಅಲ್ಲಿ ಸಾಫ್ಟ್‌ವೇರ್ ಇಲ್ಲ, ಯಂತ್ರ ಇಲ್ಲ, ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಲೆಕ್ಕ ಇಡಬೇಕಾದವರು ನಾವೇ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದೇ ಚೌಕದಲ್ಲಿ ಇವರ ಗಂಟೆಗೂ ಒಂದಿಷ್ಟು ಜಾಗ ಇದೆ.

ಇಷ್ಟು ಹೊತ್ತು ಸಮಾಧಾನದಿಂದ ಕೇಳಿದ್ದೀರಿ. ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಆಗಿದೆ ಎಂದು ವಾಸನೆಯೇ ಹೇಳುತ್ತಿದೆ. ಬಡಿಸಲು ನಿಂತಿರುವವರೂ ಬೆಳಿಗ್ಗೆ ರಂಗೋಲಿ ಹಾಕಿದವರೇ, ಪ್ರಾರ್ಥನೆ ಹಾಡಿದವರೇ. ಅವರ ಹಾಜರಿಯನ್ನೂ ದಯವಿಟ್ಟು ಯಾರಾದರೂ ಬರೆದುಕೊಳ್ಳಿ.